ಸಹಿಯಿಲ್ಲದ ಗುರುವಾರ

"ಕೇಸ್ ಹಾಕಿದ್ದಾರೆ," ಎಂದಳು ನೀಲಾವತಿ, ಕುರ್ಚಿ ಎಳೆದುಕೊಂಡು ಕೂರುತ್ತ.

ಮಾದೇಶ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ಕಾರ್ಖಾನೆಗೆ ಅರಿಸಿನ ಬೆಳೆದುಕೊಡುವ ಹೊಲಗಳನ್ನು ನೋಡಿಕೊಳ್ಳುವವನು ಅವನು. ಆಕೆ ಅದೇ ಕಾರ್ಖಾನೆಯ ಲ್ಯಾಬ್ ಆಫೀಸರ್; ಬದನಗುಪ್ಪೆಯ ಲ್ಯಾಬ್ ಬಿಟ್ಟು ಗುಂಡ್ಲುಪೇಟೆಯ ಈ ಪುಟ್ಟ ಆಫೀಸಿಗೆ ಬಂದದ್ದು ಇದೇ ಮೊದಲು. ಬರುತ್ತಾಳೆಂದು ತಿಳಿದು ಬೆಳಿಗ್ಗೆ ಎರಡು ಸಲ ಶೇವ್ ಮಾಡಿಕೊಂಡಿದ್ದ.

"ನನ್ ಮೇಲಾ?"

"ನಿಮ್ಮ ಮೇಲೆ ಯಾಕೆ ಹಾಕ್ತಾರೆ? ಒಂದು ದೇಶದ ಮೇಲೆ."

"ದೇಶದ ಮೇಲೇ ಕೇಸಾ? ಯಾವ ಸ್ಟೇಷನ್ನಲ್ಲಿ?"

ಅವಳ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಆ ಮೂಲೆಯನ್ನೇ ನೋಡುತ್ತ ಕೂತವನಿಗೆ ಮುಂದಿನ ಮಾತು ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

"ಯುರೋಪಿನ ಇಪ್ಪತ್ತೇಳು ದೇಶ ಸೇರಿ ಒಂದೇ ಕಾನೂನು ಮಾಡ್ಕೊಂಡಿವೆ. ಹೊರಗಿಂದ ಬರೋ ಮಸಾಲೆ ಪದಾರ್ಥದಲ್ಲಿ ಕೀಟನಾಶಕ ಇದೆಯಾ ಅಂತ ಬಂದರಲ್ಲೇ ನೋಡ್ಬೇಕು. ನಮ್ಮ ಅರಿಸಿನ ಕೊಳ್ಳೋ ದೇಶ ನೋಡ್ತಿಲ್ಲ ಅಂತ ಒಕ್ಕೂಟದ ಕಮಿಷನ್ ನೋಟಿಸ್ ಕೊಡ್ತು, ಎಚ್ಚರಿಕೆ ಕೊಡ್ತು, ಈಗ ಕೋರ್ಟಿಗೆ ಹೋಗಿದೆ."

"ಅದಕ್ಕೂ ನಮಗೂ?"

"ಎಲ್ಲಾ ಸರಿಯಾಗೇ ನೋಡಿದ್ದೀವಿ ಅಂತ ಆ ದೇಶ ಕೋರ್ಟಿಗೆ ತೋರಿಸ್ಬೇಕಲ್ಲ. ಅದಕ್ಕೇ ಅಲ್ಲಿನ ವ್ಯಾಪಾರಿ ನಮ್ಮ ಹೊಲದ ದಾಖಲೆ ಕೇಳಿದ್ದಾನೆ. ಎಲ್ಲಾ ಸರಿ ಇದೆ, ಒಂದು ಗುರುವಾರ ಬಿಟ್ಟು."

ಅವಳು ತಪಾಸಣೆ ಪುಸ್ತಕ ತಿರುಗಿಸಿದಳು. ಹೋದ ವರ್ಷ, ಗೌರಿ ಹಬ್ಬ ಮುಗಿದ ಗುರುವಾರ. ರಾಚಮ್ಮನ ಹೊಲ. ಸಹಿಯ ಜಾಗ ಖಾಲಿ.

"ಹೋಗಿದ್ದೆ. ಸೈನ್ ಮರ್ತುಬುಟ್ಟೆ. ಈಗ ಹಾಕ್ಬುಡ್ಲಾ?"

ಅವನು ಪೆನ್ನಿಗೆ ಕೈ ಹಾಕುತ್ತಲೇ ಅವಳು ಪುಸ್ತಕ ಎಳೆದುಕೊಂಡಳು. "ರಾಚಮ್ಮನ್ನೇ ಕೇಳೋಣ, ನಡೀರಿ."

ಬೈಕಿನಲ್ಲಿ ಇಬ್ಬರ ನಡುವೆ ಫೈಲು ಕೂತಿತ್ತು. ಕನ್ನಡಿಯಲ್ಲಿ ಅವಳ ಕಣ್ಣು ಕಂಡವು. ತನ್ನನ್ನು ನೋಡುತ್ತಿದ್ದಾಳೋ, ಹಿಂದೆ ಬರುವ ಲಾರಿಯನ್ನೋ? ಮೂರು ಮೈಲಿ ಹೋದರೂ ಮಾದೇಶನಿಗೆ ಬಗೆಹರಿಯಲಿಲ್ಲ.

ರಾಚಮ್ಮ ಕಳೆ ಕೀಳುತ್ತಿದ್ದವಳು ಸೊಂಟ ಹಿಡಿದುಕೊಂಡು ಎದ್ದಳು. "ಆ ಗುರುವಾರ್ವಾ? ನಮ್ಮೆಮ್ಮೆ ಈದು ಎರಡ್ ದಿನ ಆಗಿತ್ತು ಕಣವ್ವ. ಗಿಣ್ಣು ಕಾಯಿಸ್ಕಂಡು ಈವಪ್ಪಂಗೆ ನಾಕ್ ಗಂಟೆಗಂಟ ಕಾದೆ, ಬರ್ನೇ ಇಲ್ಲ! ಔಸ್ದಿ ಮಾತ್ರ ನಾನು ಒಡ್ದಿಲ್ಲ, ಆಣೆ ಇಕ್ತೀನಿ." ಆಮೇಲೆ ಮಾದೇಶನ ಮುಖ ನೋಡಿ, "ಯಾಕ್ಲಾ, ಸುಳ್ಳೇಳಿದ್ಯಾ?" ಎಂದಳು.

ಬದುವಿನ ಮೇಲೆ ವಾಪಸು ಬರುವಾಗ ಅವನು ಗೊಣಗಿದ. "ಜ್ವರ ಇತ್ತು ಅಂತ ಬರ್ಕೊಳ್ಳಿ."

"ಜ್ವರ ಇರೋರು ಗೋಪಾಲಸ್ವಾಮಿ ಬೆಟ್ಟದ ಬಸ್ಸಿಗೆ ಕ್ಯೂ ನಿಲ್ತಾರಾ?"

ಅವನ ಕಾಲು ಅಲ್ಲೇ ನಿಂತವು. ನೋಡಿದ್ದಳು!

ಆ ದಿನ ಮೈಸೂರಿನ ಗಂಡಿನ ಕಡೆಯವರು ಬೆಟ್ಟದಲ್ಲಿ ಅವಳನ್ನು ನೋಡಲು ಬಂದಿದ್ದರು. ಕಾರ್ಖಾನೆಯಲ್ಲಿ ಸುದ್ದಿ ಕೇಳಿದವನೇ ಬೈಕ್ ಹತ್ತಿದ್ದ. ಬೆಟ್ಟದ ಬುಡದ ಕ್ಯೂನಲ್ಲಿ ನಿಂತು, ಹಸಿರು ಸೀರೆಯ ನೀಲಾವತಿ ಬಸ್ಸು ಹತ್ತುವುದನ್ನು ಕಂಡು, ಅಲ್ಲಿಂದಲೇ ಹಿಂದಿರುಗಿದ್ದ.

"ಆಫೀಸರಾಗಿ ಕೇಳ್ತಿದ್ದೀರಾ, ಇಲ್ಲಾ..."

"ನನಗೂ ಗೊತ್ತಾಗ್ತಿಲ್ಲ," ಎಂದಳು ಅವಳು, ಅರಿಸಿನದ ಎಲೆಯೊಂದನ್ನು ಉದ್ದಕ್ಕೆ ಸೀಳುತ್ತ. "ಒಂದು ವರ್ಷದಿಂದ ಗೊತ್ತಾಗ್ತಿಲ್ಲ."

ಮಾದೇಶ ಪುಸ್ತಕ ಕೇಳಿ ಪಡೆದ. ಬೈಕಿನ ಸೀಟಿನ ಮೇಲಿಟ್ಟುಕೊಂಡು ಬರೆದ: ಈ ದಿನ ತಪಾಸಣೆ ನಡೆದಿಲ್ಲ. ತಪ್ಪು ನನ್ನದು. ಕೆಳಗೆ ಸಹಿ, ಇವತ್ತಿನ ತಾರೀಕು.

"ಕಾರಣ?"

"ಅದು ಪುಸ್ತಕಕ್ಕೆ ಬ್ಯಾಡ, ನಿಮಗೆ ಹೇಳ್ತೀನಿ. ಅವರು ನಿಮ್ಮನ್ನ ಒಪ್ಕೊಂಡ್ಬುಟ್ರೆ ಅಂತ ಭಯ ಆಯ್ತು. ಬಂದ್ಬುಟ್ಟೆ. ಬಂದು ಏನ್ ಮಾಡ್ಬೇಕು ಅಂತ ಗೊತ್ತಾಗ್ನಿಲ್ಲ. ಅದಕ್ಕೇ ಕ್ಯೂ ನಿಂತೆ."

ನೀಲಾವತಿ ನಕ್ಕಳು. ನಗುತ್ತ ನಗುತ್ತಲೇ ಮುಖ ಆ ಕಡೆ ತಿರುಗಿಸಿದಳು.

"ನಿಮ್ಮನ್ನ ನೋಡಿ ನನ್ನ ತಲೆ ಕೆಟ್ಟೋಯ್ತು. ಅವರು ಅಡುಗೆ ಬರುತ್ತಾ ಅಂತ ಕೇಳಿದ್ರೆ ಎಂಎಸ್ಸಿ ಅಂದೆ. ಹಾಡ್ತೀಯಾ ಅಂದ್ರೆ ಕೆಮಿಸ್ಟ್ರಿ ಅಂದೆ. ಹುಡುಗಿ ಯಾಕೋ ಸರಿಯಿಲ್ಲ ಅಂತ ಹೇಳಿ ಕಳಿಸಿದ್ರು. ಅಮ್ಮ ಇನ್ನೂ ಬೈತಾಳೆ."

"ಹಂಗಾದ್ರೆ... ನಾನು ಏನ್ ತಿಳ್ಕೋಬೇಕು?"

"ಮೆಮೊ ಬರುತ್ತೆ ಅಂತ ತಿಳ್ಕೊಳ್ಳಿ. ನಾನೇ ವರದಿ ಬರೀತೀನಿ. ಆ ಬೆಳೆಯ ಸ್ಯಾಂಪಲ್ ಲ್ಯಾಬಲ್ಲಿದೆ, ಮತ್ತೆ ಟೆಸ್ಟ್ ಮಾಡ್ಬೇಕು."

ಶುಕ್ರವಾರ ನಿಜಕ್ಕೂ ಮೆಮೊ ಬಂತು. ಅದನ್ನು ಹಿಡಿದುಕೊಂಡು ಪೆಚ್ಚಾಗಿ ಕೂತಿದ್ದಾಗಲೇ ಅವಳ ಫೋನೂ ಬಂತು.

"ಟೆಸ್ಟ್ ಕ್ಲೀನ್. ರಾಚಮ್ಮಂಗೆ ಹೇಳ್ಬಿಡಿ. ಆ ದೇಶ ಗೆಲ್ಲುತ್ತೋ ಸೋಲುತ್ತೋ, ನಾವಂತೂ ಇದ್ದದ್ದು ಇದ್ದಂಗೆ ಕಳಿಸಿದ್ದೀವಿ." ಆಮೇಲೆ ದನಿ ತಗ್ಗಿಸಿದಳು. "ಭಾನುವಾರ ಸಂತೆಮರಹಳ್ಳಿಗೆ, ನಮ್ಮ ಮನೆಗೆ ಬನ್ನಿ. ಅವತ್ತು ಯಾರನ್ನ ನೋಡಿ ಬೆಪ್ಪಾದೆ ಅಂತ ಅಮ್ಮ ಕೇಳ್ತಿದ್ದಾಳೆ."

"ನಾನು ಏನ್ ಹೇಳ್ಲಿ?"

"ಏನೂ ಹೇಳ್ಬೇಡಿ. ಬಂದು ನಿಂತ್ಕೊಳ್ಳಿ, ಸಾಕು."

"ಬತ್ತೀನಿ," ಎಂದ ಮಾದೇಶ. ಎಷ್ಟು ಹೊತ್ತಿಗೆ ಎಂದು ಕೇಳುವುದನ್ನೇ ಮರೆತ.