ಉಣ್ಣುವವನ ಮೈ ಮುಟ್ಟಬಾರದು

ಮೊದಲ ದಿನವೇ ಅವನು ನನ್ನ ಖಾನಾವಳಿಯಲ್ಲಿ ಒಬ್ಬನ ಹಲ್ಲು ಉದುರಿಸಿದ.

ಅಂದು ಗುರುವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ಇರುವ ದಿನ. ಮಧ್ಯಾಹ್ನ ಹಮಾಲರು, ರೈತರು, ಲಾರಿ ಡ್ರೈವರ್‌ಗಳು ಒಮ್ಮೆಲೇ ಬರುತ್ತಾರೆ. ಸೀನುತ್ತಲೇ ಬರುತ್ತಾರೆ. ನಾನು ಅಡುಗೆಮನೆಯಲ್ಲಿ ಸಾರು ಬಗ್ಗಿಸುತ್ತಿದ್ದೆ. ಹೊರಗೆ ಬೆಂಚು ಬಿದ್ದ ಸದ್ದಾಯಿತು. ಬಂದು ನೋಡಿದರೆ ಯಾರೋ ಒಬ್ಬ ಇನ್ನೊಬ್ಬನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಗೋಡೆಯ ಸುಣ್ಣದ ಮೇಲೆ ರಕ್ತ.

ನನ್ನ ಕೈಯಲ್ಲಿ ಸೌಟಿತ್ತು. ಅದರಿಂದಲೇ ಅವನ ಹಣೆಗೆ ಬಾರಿಸಿದೆ.

ಅವನು ತಿರುಗಿದ. ಹುಬ್ಬಿನ ಮೇಲಿಂದ ರಕ್ತ ಮತ್ತು ಸಾರು ಕೂಡಿ ಇಳಿಯುತ್ತಿದ್ದವು. ಬೈಯುತ್ತಾನೆ ಅಂದುಕೊಂಡೆ.

"ಸಾರು ಚಲೋ ಆಗೇತ್ರಿ," ಅಂದ.

"ಹೊರಗ ನಡೀರಿ."

ನಡೆದ. ಹಲ್ಲು ಹೋದವನೂ ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡಿದ. ರೊಟ್ಟಿ ಬಡಿಯುವ ಫಕ್ಕೀರವ್ವ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಬಡಿಬೇಕಾದಾಂವನ್ನ ಬಿಟ್ಟು ಬ್ಯಾರೇದವನ್ನ ಬಡದೆಲ್ಲ ತಂಗಿ. ಆ ಹಲ್ಲ ಹೋದಾಂವ, ನೀ ಬಗ್ಗಿ ನೀಡೂಮುಂದ ಮೊಬೈಲ್‌ನ್ಯಾಗ ವಿಡಿಯೋ ಮಾಡಾಕತ್ತಿದ್ದ. ಅದನ್ನ ಈ ಹುಡುಗ ನೋಡಿದ."

ನನಗೆ ಏನೂ ಅನಿಸಲಿಲ್ಲ. ಆ ದಿನಗಳಲ್ಲಿ ಏನೂ ಅನಿಸುತ್ತಿರಲಿಲ್ಲ. ನನ್ನ ಗಂಡ ಕೊಟ್ರೇಶ ರಾಣೇಬೆನ್ನೂರು ಬೈಪಾಸಿನಲ್ಲಿ ಲಾರಿಗೆ ಸಿಕ್ಕು ಎರಡು ವರ್ಷವಾಗಿತ್ತು. ಧಾರವಾಡದಲ್ಲಿ ಎಂ.ಎ. ಮುಗಿಸಿದ ಇಬ್ಬರೂ ನೌಕರಿ ಹುಡುಕದೆ ಈ ಖಾನಾವಳಿ ತೆರೆದಿದ್ದೆವು. ಮಾರ್ಕೆಟ್ಟಿಗೆ ಬಂದವರು ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬ ಉಂಡು ಏಳಬೇಕು ಎಂಬುದು ಅವನ ಹಟ. ಅವನು ಹೋದ ಮೂರನೇ ವಾರ ನಾನು ಬಾಗಿಲು ತೆರೆದೆ. ಅತ್ತಿರಲಿಲ್ಲ. ಹಿಟ್ಟು ನಾದಿದೆ.

ಸೋಮವಾರ ಆ ಹುಡುಗ ಮತ್ತೆ ಬಂದ. ಹುಬ್ಬಿನ ಮೇಲೆ ಬ್ಯಾಂಡೇಜ್.

"ಒಳಗ ಬರಬಹುದೇನ್ರಿ ಮಾಲಕರ? ಮೊದಲ ಸೌಟ ಎಲ್ಲೈತಿ ಹೇಳ್ರಿ."

ಊರೆಲ್ಲ ನನ್ನನ್ನು ಪುಷ್ಪಕ್ಕ ಅನ್ನುತ್ತದೆ. ಅಪ್ಪನ ವಯಸ್ಸಿನ ಹಮಾಲರೂ ಹಾಗೇ ಕರೆಯುತ್ತಾರೆ. ಇವನೊಬ್ಬ ಅಕ್ಕ ಅನ್ನಲಿಲ್ಲ.

"ಹಲ್ಲ ಉದರಸೋದು ನಿಮ್ಮ ಉದ್ಯೋಗ ಏನ್ರಿ?" ಅಂದೆ.

"ಇಲ್ರಿ. ಪಿಕಪ್ ಗಾಡಿ ಹೊಡೀತೇನಿ. ಗುತ್ತಲದಿಂದ ಮೆಣಸಿನಕಾಯಿ ಚೀಲ ತರತೇನಿ. ಹಲ್ಲಿಂದು ಬಿಡುವು ಸಿಕ್ಕಾಗ."

ಹೆಸರು ಸಿದ್ದಲಿಂಗೇಶ. ಅಡುಗೆಮನೆಯ ಬಾಗಿಲು ಕಾಣುವ ಟೇಬಲ್ ಹಿಡಿದ. ಆಮೇಲೆ ಟೆಂಡರಿನ ದಿನಗಳಲ್ಲಿ ಆ ಟೇಬಲ್ಲಿಗೆ ಬೇರೆ ಯಾರೂ ಕೂರದಂತಾಯಿತು. ಕೂತರೆ ಫಕ್ಕೀರವ್ವ ಎಬ್ಬಿಸುತ್ತಿದ್ದಳು.

ಅವನು ನೋಡುವ ರೀತಿ ಬೇರೆ. ನಾನು ನೀಡುವಾಗ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ನೀಡಿ ಬಾಗಿಲವರೆಗೆ ಹೋದ ಮೇಲೆ ಕಣ್ಣೆತ್ತುತ್ತಿದ್ದ. ನಾನು ತಿರುಗಿದರೂ ಆ ಕಣ್ಣು ಕೆಳಗಿಳಿಯುತ್ತಿರಲಿಲ್ಲ. ಸಿಕ್ಕಿಬಿದ್ದೆ, ಏನು ಮಾಡುತ್ತೀ ಮಾಡು ಅನ್ನುವ ಹಾಗೆ ತುಟಿಯ ಒಂದು ಮೂಲೆ ಮಾತ್ರ ಅಲುಗುತ್ತಿತ್ತು.

"ಎಣ್ಣಿಗಾಯಿಗೆ ಇವತ್ತ ಉಪ್ಪ ಕಡಿಮಿ ಐತ್ರಿ ಮಾಲಕರ."

"ಉಪ್ಪಿನ ಡಬ್ಬಿ ಟೇಬಲ್ ಮ್ಯಾಲ ಐತಿ."

"ಡಬ್ಬಿ ಉಪ್ಪು ಬ್ಯಾರೆ, ನಿಮ್ಮ ಕೈ ಉಪ್ಪು ಬ್ಯಾರೆ."

ಒಳಗಿನಿಂದ ಫಕ್ಕೀರವ್ವನ ದನಿ: "ಏ ತಮ್ಮಾ, ಉಪ್ಪ ಹಾಕಾಕಿ ನಾನು! ಬೇಕಾರ ನನ್ನ ನೋಡಕೋತ ಕುಂದರು!"

ಇಡೀ ಖಾನಾವಳಿ ನಕ್ಕಿತು. ಅವನೂ ನಕ್ಕ. ನಾನು ನಗಲಿಲ್ಲ.

ಒಂದು ದಿನ ತಟ್ಟೆ ಇಡುವಾಗ ನನ್ನ ಮುಂಗೈ ನೋಡಿ ಅವನ ತುತ್ತು ನಿಂತಿತು. ಹಂಚು ತಾಗಿ ಬೊಬ್ಬೆ ಎದ್ದಿತ್ತು.

"ಎಂದು ಸುಟ್ಟೈತ್ರಿ?"

"ನೆನಪಿಲ್ಲ."

"ಉರಿಯಂಗಿಲ್ಲೇನು?"

"ಇಲ್ಲ."

ನಾನು ಸುಳ್ಳು ಹೇಳಿರಲಿಲ್ಲ. ಅವನು ನನ್ನನ್ನು ದೀರ್ಘವಾಗಿ ನೋಡಿದ. ಅವತ್ತು ಚೇಷ್ಟೆ ಇರಲಿಲ್ಲ. ಉಂಡು ಹೋದ ಮೇಲೆ ತಟ್ಟೆ ಎತ್ತಿದೆ. ಕೆಳಗೆ ಮುಲಾಮಿನ ಟ್ಯೂಬ್. ಅಷ್ಟು ಗದ್ದಲದಲ್ಲಿ ಎದ್ದು ಹೋಗಿ ಯಾವಾಗ ತಂದನೋ ತಿಳಿಯಲಿಲ್ಲ. ಹಚ್ಚಿಕೊಂಡೆ. ತಂಪು ಅನಿಸಲಿಲ್ಲ. ಆದರೆ ಟ್ಯೂಬನ್ನು ಬ್ಲೌಸಿನೊಳಗೆ ಇಟ್ಟುಕೊಂಡು ಸಂಜೆಯವರೆಗೆ ಕೆಲಸ ಮಾಡಿದೆ.

ಈ ಸುದ್ದಿ ರಾಣೇಬೆನ್ನೂರು ಮುಟ್ಟಿತು.

ಕೊಟ್ರೇಶನ ತಮ್ಮ ಶಂಭುಲಿಂಗ ಅಲ್ಲಿ ಬಡ್ಡಿ ವಸೂಲಿ ಮಾಡುವವರ ಜೊತೆ ತಿರುಗುತ್ತಾನೆ. ವಿಧವೆಗೆ ಸೀರೆ ಉಡಿಸಿ ಮನೆಯೊಳಗೇ ಮುಗಿಸುವ ಮದುವೆಯೊಂದಿದೆ, ಉಡಿಕಿ ಎನ್ನುತ್ತಾರೆ. ಅದು ತನ್ನ ಜೊತೆಗೇ ಆಗಬೇಕು, ಅಣ್ಣನ ಖಾನಾವಳಿ ಮನೆಯಲ್ಲೇ ಉಳಿಯಬೇಕು ಎಂದು ಅವನು ವರ್ಷದಿಂದ ಗಂಟುಬಿದ್ದಿದ್ದ. ನಾನು ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಯಾವುದಾದರೂ ಒಂದೇ ಎಂಬಂತಿದ್ದೆ.

ಒಂದು ಬೆಳಿಗ್ಗೆ, ಒಲೆ ಹಚ್ಚುವ ಮೊದಲೇ ಬಂದ. ಬಾಗಿಲು ಮುಂದೆ ಮಾಡಿ ನನ್ನ ಕೆನ್ನೆಗೆ ಹೊಡೆದ. ಬಾಯೊಳಗೆ ರಕ್ತ ತುಂಬಿತು.

"ಗುತ್ತಲದ ಡ್ರೈವರ್‌ಗ ರೊಟ್ಟಿ ಹಾಕ್ತಿ, ನನಗ ಬಾಗಲಾ ಹಾಕ್ತಿ? ಅಮಾಸಿಯೊಳಗ ಸೀರಿ ಉಡಕೋ. ಇಲ್ಲಂದ್ರ ಕೀಲಿ ಇಟ್ಟು ನಿಮ್ಮಪ್ಪನ ಮನಿಗಿ ನಡಿ."

ನಾನು ಉಗುಳಿದೆ. ಅವನ ಬೂಟಿನ ಮೇಲೆ ಬಿತ್ತು. ಮತ್ತೆ ಹೊಡೆದ.

ಮಧ್ಯಾಹ್ನ ಸಿದ್ದಲಿಂಗೇಶ ನನ್ನ ಕೆನ್ನೆ ನೋಡಿದ. ಊದಿದ ಜಾಗದಲ್ಲಿ ಬೆರಳುಗಳ ಗುರುತಿತ್ತು. ರೊಟ್ಟಿ ಮುರಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಯಾರು?"

"ಉಣ್ರಿ."

"ಯಾರಂತ ಕೇಳಾಕತ್ತೇನಿ."

ನಾನು ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಶಂಭುಲಿಂಗ ಊರು ಬಿಟ್ಟಿರಲಿಲ್ಲ. ಇಬ್ಬರನ್ನು ಕರೆದುಕೊಂಡು ಒಳಗೆ ಬಂದ. ಕೈಯಲ್ಲಿ ಕಬ್ಬಿಣದ ಪೈಪು. ನೇರ ಆ ಟೇಬಲ್ಲಿಗೆ ಹೋಗಿ ಸಿದ್ದಲಿಂಗೇಶನ ಕೊರಳಪಟ್ಟಿಗೆ ಕೈ ಹಾಕಿದ.

"ಏ!"

ಕೂಗಿದವನು ಸಮೀವುಲ್ಲಾ, ಹಮಾಲರ ಮುಖಂಡ. ಕೂತಲ್ಲಿಂದ ಎದ್ದಿರಲಿಲ್ಲ. "ಉಣ್ಣಾಂವನ ಮೈ ಮುಟ್ಟಬ್ಯಾಡ. ನಿಮ್ಮ ಜಗಳ ಏನರ ಇರಲಿ, ಉಂಡ ಏಳಲಿ."

ಎಲ್ಲರೂ ಅಗಿಯುವುದನ್ನು ನಿಲ್ಲಿಸಿದ್ದರು. ನಮ್ಮ ಕಡೆ ಕೊಲೆ ಮಾಡಲು ಬಂದವನೂ ತಟ್ಟೆಯ ಮುಂದಿನಿಂದ ಒಬ್ಬನನ್ನು ಎಬ್ಬಿಸುವುದಿಲ್ಲ. ಶಂಭುಲಿಂಗ ಇದೇ ನೆಲದಲ್ಲಿ ಹುಟ್ಟಿದವನು. ಅಷ್ಟು ಜನರ ಮುಖ ನೋಡಿ ಕೈ ಬಿಟ್ಟ.

"ಆತು. ಎಲ್ಲಾರೂ ಕೇಳ್ರಿ. ಉಂಡ ಏಳೂತನಾ ಮುಟ್ಟಂಗಿಲ್ಲ. ಎದ್ದ ಮ್ಯಾಲ ಎರಡೂ ಕಾಲು ಮುರೀತೇನಿ."

ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತ. ಇದು ಎಷ್ಟು ಬೇಕಾದರೂ ರೊಟ್ಟಿ ಹಾಕುವ ಖಾನಾವಳಿ ಎಂಬುದನ್ನು ಅವನು ಮರೆತಿದ್ದ.

ನಾನು ಒಳಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದೆ. ಬರುತ್ತೇವೆ ಅಂದರು. ಫಕ್ಕೀರವ್ವ ಹಿಟ್ಟು ಸಣ್ಣದಾಗಿ ಮುರಿದುಕೊಂಡು ಹಾಳೆಯಷ್ಟು ತೆಳ್ಳಗೆ ಬಡಿಯತೊಡಗಿದಳು.

ಒಂದೊಂದೇ ತಂದು ಹಾಕಿದೆ. ಬಗ್ಗಿದಾಗ ಪಿಸುಗುಟ್ಟಿದೆ.

"ಹಿತ್ತಲ ಬಾಗಲಾ ತಗದೈತಿ. ಓಡಿ ಹೋಗ್ರಿ."

"ಝುಣಕಾ ಇನ್ನೊಂದೀಟ ನೀಡ್ರಿ."

"ಚೇಷ್ಟೆ ಬ್ಯಾಡ. ಖರೇನ ಹೊಡೀತಾನ ಅವಾ."

"ಗೊತ್ತೈತಿ. ನಿಮ್ಮ ಕೆನ್ನಿ ನೋಡೇನಿ." ಅವನು ತಲೆ ಎತ್ತದೆ ರೊಟ್ಟಿ ಮುರಿದ. "ನಾ ಓಡಿದ್ರ ಅವಾ ನಿಮ್ಮ ಮ್ಯಾಲ ಬರತಾನ. ನಾ ಕುಂತಷ್ಟು ಹೊತ್ತು ನನ್ನ ಕಾಯತಾನ. ಮೆಲ್ಲಕ ನೀಡ್ರಿ."

ಮೆಲ್ಲಗೆ ನೀಡಿದೆ. ಅವನು ಮೆಲ್ಲಗೆ ಉಂಡ. ಶೇಂಗಾ ಚಟ್ನಿಯನ್ನು ಬೆರಳತುದಿಯಲ್ಲಿ ಮುಟ್ಟಿ ಮುಟ್ಟಿ ಉಂಡ. ಹಣೆಯಲ್ಲಿ ಬೆವರು. ಸುತ್ತಲಿನ ಹಮಾಲರು ತಮ್ಮ ಊಟ ಮುಗಿದರೂ ಏಳಲಿಲ್ಲ. ಬಾಗಿಲಲ್ಲಿ ಪೈಪು ನೆಲಕ್ಕೆ ಬಡಿಯುತ್ತಿತ್ತು. ಟಕ್, ಟಕ್.

"ಮಾಲಕರ," ಅಂದ ಸ್ವಲ್ಪ ಹೊತ್ತಿನ ಮೇಲೆ. "ಇವತ್ತಿನ ಹಂಗ ದಿನಾ ನೀವ ನನ್ನ ಮುಂದ ನಿಂತಿದ್ರ ಎಷ್ಟ ಚಲೋ ಇರತಿತ್ತು ಅಂತ ಭಾಳ ಸಲ ಅನಕೊಂಡಿದ್ದೆ. ಹಿಂಗ ಆಗತೈತಿ ಅನಕೊಂಡಿದ್ದಿಲ್ಲ."

"ಸುಮ್ಮನ ಉಣ್ರಿ."

"ಹೊಟ್ಟಿ ಒಡೀತೈತಿ. ಇನ್ನ ಆಗಂಗಿಲ್ಲ." ಈಗ ಮುಖವೆತ್ತಿ ನೋಡಿದ. ಆ ಕಣ್ಣುಗಳಲ್ಲಿ ಹೆದರಿಕೆ ಇತ್ತು. ಅದನ್ನು ನನ್ನಿಂದ ಬಚ್ಚಿಡುವ ಪ್ರಯತ್ನ ಮಾಡಲಿಲ್ಲ. "ನಾ ಏಳತೇನಿ. ನೀವು ಅಡಗಿ ಮನಿ ಚಿಲಕಾ ಹಾಕ್ಕೋರಿ."

ನಾನು ಬೆಂಚು ಎಳೆದು ಅವನ ಎದುರು ಕೂತೆ. ಅವನ ತಟ್ಟೆಯಿಂದ ರೊಟ್ಟಿ ಮುರಿದು, ಅವನ ಪಲ್ಯಕ್ಕೇ ಅದ್ದಿ ಬಾಯಿಗಿಟ್ಟುಕೊಂಡೆ.

"ನಾನೂ ಉಣ್ಣಾಕತ್ತೇನಿ," ಅಂದೆ, ಎಲ್ಲರಿಗೂ ಕೇಳುವಂತೆ. "ಒಂದ ತಟ್ಟಿಯೊಳಗ ಉಣ್ಣೋರು ಒಬ್ಬರನ್ನ ಬಿಟ್ಟು ಒಬ್ಬರು ಏಳಬಾರದು."

ಟೆಂಡರಿನ ದಿನ, ತುಂಬಿದ ಖಾನಾವಳಿಯಲ್ಲಿ, ಗಂಡ ಸತ್ತವಳು ಬೇರೆ ಗಂಡಸಿನ ತಟ್ಟೆಗೆ ಕೈ ಹಾಕಿದ್ದಳು. ಇದಕ್ಕಿಂತ ದೊಡ್ಡ ಲಗ್ನಪತ್ರಿಕೆ ಬ್ಯಾಡಗಿಯಲ್ಲಿ ಯಾರೂ ಹಂಚಿಲ್ಲ. ಸಿದ್ದಲಿಂಗೇಶ ಉಸಿರಾಡುವುದನ್ನೇ ಮರೆತಂತೆ ಕೂತಿದ್ದ. ನಾನು ಎರಡನೇ ತುತ್ತು ಮುರಿದೆ. ಆಗ ಅವನ ಬೆರಳು ತಟ್ಟೆಯಲ್ಲಿ ಸರಿದು ಬಂದು ನನ್ನ ಬೆರಳಿಗೆ ತಾಗಿ ನಿಂತಿತು. ಬೆಚ್ಚಗಿತ್ತು. ಬೆಚ್ಚಗಿದೆ ಎಂದು ನನಗೆ ಗೊತ್ತಾಯಿತು.

ಶಂಭುಲಿಂಗನಿಗೆ ಅಷ್ಟು ಸಾಕಾಯಿತು.

ಅವನ ಬೂಟು ತಟ್ಟೆಗೆ ಬಡಿಯಿತು. ರೊಟ್ಟಿ, ಪಲ್ಯ, ಚಟ್ನಿ ಗೋಡೆಗೆ ಸಿಡಿದವು. ನನ್ನ ಕೂದಲು ಹಿಡಿದು ಬೆಂಚಿನಿಂದ ಎಳೆದ. ಸಿದ್ದಲಿಂಗೇಶ ಅಡ್ಡ ಬಂದ. ನನ್ನ ತಲೆಗೆ ಬೀಳಬೇಕಿದ್ದ ಪೈಪಿಗೆ ಕೈ ಒಡ್ಡಿದ. ಹಸಿ ಜೋಳದ ದಂಟು ಮುರಿದಂಥ ಸದ್ದು. ಅವನು ಕೂಗಲಿಲ್ಲ. ಬಲಗೈ ಮೊಣಕೈಯ ಕೆಳಗೆ ಇರಬಾರದ ಕಡೆ ತಿರುಗಿತ್ತು.

ನನ್ನ ಕೂದಲು ಹಿಡಿದ ಕೈ ಸಡಿಲಾಯಿತು. ಎರಡನೇ ಸಲ ಪೈಪು ಎತ್ತುವಷ್ಟರಲ್ಲಿ ನಾನು ಒಳಗೋಡಿ ಒಲೆಯ ಮೇಲಿನ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದಿದ್ದೆ. ಶಂಭುಲಿಂಗನ ಎದೆಯಿಂದ ತೊಡೆಯವರೆಗೆ ಸುರಿದೆ. ಅಂಗಿ ಕಿತ್ತುಕೊಂಡ. ಅಂಗಿಯ ಜೊತೆ ಚರ್ಮವೂ ಬಂತು. ಅವನ ಕೂಗು ಮಾರ್ಕೆಟ್ಟಿನ ಗೇಟಿನವರೆಗೆ ಕೇಳಿಸಿತಂತೆ.

ಆಮೇಲೆ ಹಮಾಲರು ಎದ್ದರು. ಮಾತು ತಪ್ಪಿದ್ದನ್ನಾದರೂ ಅವರು ಬಿಡುತ್ತಿದ್ದರೇನೋ, ತಟ್ಟೆ ಒದ್ದದ್ದನ್ನು ಬಿಡಲಿಲ್ಲ. ದಿನವಿಡೀ ಚೀಲ ಹೊರುವ ಕೈಗಳು. ಅವನ ಜೊತೆ ಬಂದವರಲ್ಲಿ ಒಬ್ಬನ ದವಡೆ ಮುರಿಯಿತು. ಇನ್ನೊಬ್ಬ ಬೆಂಚಿನ ಕೆಳಗೆ ಸೇರಿಕೊಂಡ. ಶಂಭುಲಿಂಗನನ್ನು ಸಮೀವುಲ್ಲಾನೇ ಕೊನೆಗೆ ಬಿಡಿಸಿದ. ಇಲ್ಲದಿದ್ದರೆ ಅಲ್ಲೇ ಸಾಯುತ್ತಿದ್ದ. ಪೊಲೀಸರು ಬಂದಾಗ ನೆಲದ ಮೇಲೆ ಬೇಳೆ ಯಾವುದು, ರಕ್ತ ಯಾವುದು ತಿಳಿಯುತ್ತಿರಲಿಲ್ಲ.

"ಸಾರು ಸುರುವಿದ್ದು ನಾನು," ಅಂದೆ. "ನನ್ನ ಹೆಸರ ಬರಕೋರಿ. ಪುಷ್ಪಲತಾ. ಖಾನಾವಳಿ ನಂದು."

ಹಾವೇರಿಯ ಆಸ್ಪತ್ರೆಯಲ್ಲಿ ಸಿದ್ದಲಿಂಗೇಶನ ಕೈಗೆ ಪ್ಲಾಸ್ಟರ್ ಹಾಕಿದರು. ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ ಶಂಭುಲಿಂಗ ನರಳುತ್ತಿದ್ದ, ಅವನ ಮಂಚದ ಪಕ್ಕ ಪೊಲೀಸರು ಕೂತಿದ್ದರು. ಅವನ ಮೇಲೆ ಕೇಸು, ನನ್ನ ಮೇಲೂ ಕೇಸು. ಸಂಜೆಯ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಮುಖ ಒದ್ದೆಯಾದದ್ದು ತಿಳಿಯಿತು.

"ಅಳಾಕತ್ತೀರಿ," ಅಂದ ಅವನು, ಮೆತ್ತಗೆ. "ಈ ಕೈ ಸಲುವಾಗೇನ್ರಿ? ಇದು ಕೂಡತೈತಂತ. ಡಾಕ್ಟರ್ ಹೇಳ್ಯಾರ."

ತಲೆ ಅಲ್ಲಾಡಿಸಿದೆ.

"ಮತ್ತ ಆ ಶಂಭುಲಿಂಗನ ಸಲುವಾಗಿ?"

"ಕೊಟ್ರೇಶನ ಸಲುವಾಗಿ."

ಹೇಳಿದ ಮೇಲೆ ಹೆದರಿದೆ. ನನಗಾಗಿ ಕೈ ಮುರಿಸಿಕೊಂಡವನ ಮುಂದೆ ಇನ್ನೊಬ್ಬನ ಹೆಸರು. ಅವನು ಸೂರು ನೋಡಿದ.

"ಎರಡು ವರ್ಷದ್ದು ಐತಿ," ಅಂದ. "ಲಗೂ ಮುಗಿಯಂಗಿಲ್ಲ. ಅಳ್ರಿ. ನನಗೇನ ಎಲ್ಲಿ ಹೋಗೂದೈತಿ."

ಅತ್ತೆ. ಪಕ್ಕದ ಮಂಚದ ಮುದುಕ ಎದ್ದು ಕೂತು ನೋಡುವಷ್ಟು ಅತ್ತೆ. ನಡುವೆ ಎಲ್ಲೋ ಉಸಿರು ಸಿಕ್ಕಾಗ ಮಾತಾಡಿದೆ.

"ನಾನು ನಿಮ್ಮನ್ನ ಮದಿವಿ ಆಗತೇನಿ. ಮನಿಯೊಳಗ ಕದ್ದು ಸೀರಿ ಉಡಸೂದಲ್ಲ. ಪೆಂಡಾಲ್ ಹಾಕಿ, ಊರ ಮುಂದ. ಕೊಟ್ರೇಶನ ಹೆಸರು ಖಾನಾವಳಿ ಬೋರ್ಡಿನ ಮ್ಯಾಲ ಹಂಗ ಇರತೈತಿ. ನಡುವ ನಡುವ ಹಿಂಗ ಅಳತೇನಿ. ನಿಮಗ ಒಪ್ಪಿಗಿ ಇದ್ರ ಹೇಳ್ರಿ, ಇಲ್ಲಂದ್ರ ಈಗ ಎದ್ದ ಹೋಗತೇನಿ."

ಅವನ ಕಣ್ಣಂಚಿನಿಂದ ಒಂದು ಹನಿ ಕಿವಿಯ ಕಡೆಗೆ ಹರಿಯಿತು. ಒರೆಸಲು ಹೋದ ಕೈ ಪ್ಲಾಸ್ಟರಿನದು. ಎತ್ತಲಾಗದೆ ಮುಖ ಕಿವುಚಿದ.

"ಎಂದಿಗಿ?" ಅಂದ.

"ಸೋಮವಾರ, ಗುರುವಾರ ಬಿಟ್ಟು ಯಾವಾಗರ. ಟೆಂಡರ್ ದಿನ ಬಾಗಲಾ ಹಾಕಾಕ ಆಗಂಗಿಲ್ಲ."

ಅವನಿಗೆ ನಗು ಬಂತು. ನಕ್ಕರೆ ಕೈ ನೋಯುತ್ತಿತ್ತು, ಆದರೂ ನಕ್ಕ. ಆಮೇಲೆ ಎಡಗೈ ಊರಿ, ಹಲ್ಲು ಕಚ್ಚಿ, ಮಂಚದ ಅಂಚಿಗೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟ.