ಗೊರಕೆರಾಯ ಕಾಣೆಯಾದ ಪ್ರಕರಣ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ದೂರು ಠಾಣೆಗೆ ಬಂತು. ಮನೆಯಲ್ಲೇ ಆರೈಕೆ ಪಡೆಯುವ ರೋಗಿಗಳಿಗೆ ಮಂಚ, ಗಾಲಿಕುರ್ಚಿ ಮುಂತಾದ ಸಲಕರಣೆಗಳನ್ನು ಉಚಿತವಾಗಿ ಕೊಡುವ ಸಣ್ಣ ಸಂಸ್ಥೆಯೊಂದರ ಕೋಣೆಯಿಂದ ಆಕ್ಸಿಜನ್ ಯಂತ್ರ ಕಳುವಾಗಿತ್ತು. ದೂರು ತಂದವರು ಸಂಸ್ಥೆಯನ್ನು ಕಟ್ಟಿದ ನಿವೃತ್ತ ನರ್ಸ್. ಅವರ ಹಿಂದೆ ನಿಂತಿದ್ದ ಯುವತಿ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಕೊನೇ ಸಲ ಯಾವಾಗ ನೋಡಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ನಿನ್ನೆ ಸಂಜೆ ಆರಕ್ಕೆ. ನಾನೇ ಒರೆಸಿ ಇಟ್ಟೆ. ಇವತ್ತು ಈ ಹುಡುಗಿಯ ಮನೆಗೆ ಹೋಗ್ಬೇಕಿತ್ತು."

"ಬೀಗ ಒಡೆದಿದ್ದಾರಾ?"

"ಇಲ್ಲ. ತೆಗೆದು, ಮತ್ತೆ ಹಾಕಿ ಹೋಗಿದ್ದಾರೆ."

"ಕೀಲಿ ಯಾರ ಹತ್ರ ಇದೆ?"

"ಎಲ್ಲರ ಹತ್ರಾನೂ ಇದೆ."

ಬರೆದುಕೊಳ್ಳುತ್ತಿದ್ದ ದಫೇದಾರರು ಪೆನ್ನು ಎತ್ತಿದರು. "ಎಲ್ಲರೂ ಅಂದ್ರೆ?"

"ನಮ್ಮಿಂದ ಸಾಮಾನು ತಗೊಂಡು ಹೋದ ಮನೆಯವರೆಲ್ಲ."

"ವಾಪಸ್ ಇಸ್ಕೊಳ್ಳಲ್ವಾ?"

"ಕೇಳಲ್ಲ."

"ಭೇಷ್! ಊರಿಗೆಲ್ಲ ಕೀಲಿ ಹಂಚಿ, ಕಳ್ಳನ್ನ ಹುಡುಕಿಕೊಡಿ ಅಂತ ನಮ್ಮ ತಲೆ ಮೇಲೆ ಹಾಕಿ," ಎಂದು ದಫೇದಾರರು ಗೊಣಗುತ್ತಲೇ ಎಫ್‌ಐಆರ್ ಬರೆದು ಮುಗಿಸಿದರು.

ಯುವತಿಯ ತಂದೆ ಬಡಗಿ. ಮರದ ಪುಡಿ ಕುಡಿದು ಕುಡಿದು ಶ್ವಾಸಕೋಶ ಸೋತಿತ್ತು. ಗುರುವಾರದೊಳಗೆ ಆಸ್ಪತ್ರೆಯ ಹಾಸಿಗೆ ಖಾಲಿ ಮಾಡಬೇಕು. ಆದರೆ ಯಂತ್ರವಿಲ್ಲದ ಮನೆಗೆ ಅವರನ್ನು ಕಳಿಸಲು ವೈದ್ಯರು ಒಪ್ಪುತ್ತಿರಲಿಲ್ಲ. "ಅಪ್ಪನ ಮಂಚದ ಪಕ್ಕ ಪ್ಲಗ್ ಪಾಯಿಂಟ್ ಕೂಡ ಹಾಕ್ಸಿದ್ದೀವಿ ಸಾರ್," ಎಂದಳು, ಅದರಿಂದ ತನಿಖೆಗೆ ಸಹಾಯವಾದೀತು ಎನ್ನುವಂತೆ.

ಹತ್ತೂವರೆಗೆ ಸ್ಥಳ ಪಂಚನಾಮೆ ಆರಂಭವಾಯಿತು. ಪಕ್ಕದ ಮುದ್ರಣಾಲಯದ ಮಾಲೀಕರು ಮತ್ತು ಎದುರಿನ ಕ್ಷೌರಿಕರು ಪಂಚರು. ಕೋಣೆ ಹಿಂದೊಮ್ಮೆ ವಾಹನ ನಿಲ್ಲಿಸುವ ಜಾಗವಾಗಿತ್ತು. ಮಡಚಿದ ಮಂಚಗಳು ಗೋಡೆಗೆ ಒರಗಿದ್ದವು. ಗಾಲಿಕುರ್ಚಿಗಳು ಒಂದರೊಳಗೊಂದು ಸೇರಿ ನಿಂತಿದ್ದವು. ಮೂಲೆಯ ಮೇಜಿನ ಮೇಲೆ ನರ್ಸ್ ಅವರ ಗಂಡನ ಸ್ಪ್ಯಾನರು, ಎಣ್ಣೆ ಡಬ್ಬಿ. ಕೆಟ್ಟದ್ದನ್ನೆಲ್ಲ ರಿಪೇರಿ ಮಾಡುವುದು ಅವರ ಪಾಲಿನ ಕೆಲಸ.

"ಕೀಲಿ ಹಂಚೋ ಬುದ್ಧಿ ಯಾರದು?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನದೇ," ಎಂದರು ನರ್ಸ್. ಸಂಸ್ಥೆ ಶುರುವಾಗಿದ್ದು ಅವರ ಅತ್ತೆ ತೀರಿಕೊಂಡಾಗ ಉಳಿದ ಒಂದು ಮಂಚದಿಂದ. ಅದನ್ನು ಯಾರೋ ಕೇಳಿ ಒಯ್ದರು, ಇನ್ಯಾರೋ ತಮ್ಮದನ್ನು ತಂದು ಬಿಟ್ಟರು. ಮೊದಲ ವರ್ಷ ಒಬ್ಬ ಹುಡುಗ ಅಮ್ಮನ ಗಾಲಿಕುರ್ಚಿ ಹಿಂದಿರುಗಿಸಲು ಬಂದ. ಕೋಣೆಯ ತುಂಬ ಜನ. "ಅಮ್ಮ ಹೇಗಿದ್ದಾರೆ?" ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಅವನು ಕುರ್ಚಿಯ ಹಿಡಿ ಬಿಡದೆ ನಿಂತೇ ಇದ್ದ. "ಸಾಮಾನು ವಾಪಸ್ ಬರೋದು ಬಹುಪಾಲು ಸಾವಾದ ಮೇಲೆ ಸಾರ್. ಆವಾಗ ಯಾರಿಗೂ ಮುಖ ಕೊಡೋ ಹಾಗಾಗಬಾರದು. ಅವರಿಗೆ ಬೇಕಾದ ಹೊತ್ತಲ್ಲಿ ಬಂದು ಇಟ್ಟು ಹೋಗ್ಲಿ ಅಂತ ಕೀಲಿ ಮಾಡಿಸಿದೆ."

"ಇಷ್ಟು ವರ್ಷದಲ್ಲಿ ಏನೇನು ಹೋಗಿದೆ?"

"ಹೋಗೋದಿರ್ಲಿ, ಬಂದಿದ್ದೇ ಜಾಸ್ತಿ," ಎಂದರು ಗಂಡ. "ಒಂದಿನ ಬಾಗಿಲು ತೆಗೆದ್ರೆ ಗೋಡೆಗೆಲ್ಲ ಸುಣ್ಣ ಬಳಿದಿತ್ತು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಇವಳು ಮೂರು ದಿನ ಗೋಡೆಗೇ ಥ್ಯಾಂಕ್ಸ್ ಹೇಳ್ತಾ ಓಡಾಡಿದ್ಲು."

"ಆದ್ರೂ ಬೀಗ ಬದಲಾಯಿಸಮ್ಮ," ಎಂದರು ಮುದ್ರಣಾಲಯದವರು.

"ಬದಲಾಯಿಸಿದ ದಿನ ಇದು ಬರೀ ಗೋದಾಮು ಆಗುತ್ತೆ ಅಣ್ಣ," ಎಂದು ನರ್ಸ್ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ನೀವು ಮಾತ್ರ ಹಾಗೆ ಹೇಳ್ಬೇಡಿ ಸಾರ್."

ಇನ್‌ಸ್ಪೆಕ್ಟರ್ ಕಪಾಟಿನ ಮುಂದೆ ಕುಳಿತರು. ಕೆಳಗಿನ ಖಾನೆ ಖಾಲಿ. ಮೇಲಿನ ಖಾನೆಯಲ್ಲಿ, ಕೈಗೆ ಸುಲಭವಾಗಿ ಸಿಗುವಲ್ಲೇ, ಡಬ್ಬಿ ಸಮೇತ ಒಂದು ಪುಟ್ಟ ಹೊಸ ಯಂತ್ರವಿತ್ತು.

"ಇದೇನು?"

"ಅದೂ ಆಕ್ಸಿಜನ್‌ದೇ. ಓಡಾಡೋರಿಗೆ. ಬಡಗಿಯವರಿಗೆ ಅದರ ಗಾಳಿ ಸಾಲಲ್ಲ. ಹೋಗಿದ್ದು ಹಳೇದು, ನಮ್ಮ ಗೊರಕೆರಾಯ. ಸದ್ದು ಜಾಸ್ತಿ ಅಂತ ಆ ಹೆಸರು."

"ಬೆಲೆ ಯಾವುದಕ್ಕೆ ಹೆಚ್ಚು?"

"ಇದಕ್ಕೇ. ಹಳೇದಕ್ಕೆ ಏನು ಬರುತ್ತೆ?"

ಪಕ್ಕದ ಮೊಳೆಯಲ್ಲಿ ಹಳೆಯ ಯಂತ್ರದ ನಳಿಕೆ, ಮೂಗಿಗೆ ಹಾಕುವ ತುದಿ, ನೀರಿನ ಬಾಟಲಿ ಹಾಗೇ ನೇತಾಡುತ್ತಿದ್ದವು. ಅದನ್ನೂ ಪಂಚನಾಮೆಯಲ್ಲಿ ಬರೆಸಿದರು.

ಹಳೆ ಸಾಮಾನಿನ ಅಂಗಡಿಗಳಿಗೆ ಹೋಗಿದ್ದ ಕಾನ್‌ಸ್ಟೇಬಲ್ ಒಂದು ಗಂಟೆಗೆ ಬರಿಗೈಯಲ್ಲಿ ಬಂದ. ಇನ್‌ಸ್ಪೆಕ್ಟರ್‌ಗೆ ಆಶ್ಚರ್ಯವಾಗಲಿಲ್ಲ.

"ಮಾರೋಕೆ ಬಂದೋನು ಹೊಸದನ್ನ ಬಿಡ್ತಿರಲಿಲ್ಲ," ಎಂದರು. "ಮನೇಲಿ ರೋಗಿ ಇದ್ದೋನು ನಳಿಕೆ ಬಿಡ್ತಿರಲಿಲ್ಲ. ನಳಿಕೆ ಇಲ್ದೆ ಆ ಯಂತ್ರ ಏನು ಮಾಡುತ್ತೆ?"

"ಏನೂ ಮಾಡಲ್ಲ," ಎಂದರು ಗಂಡ. "ಸುಮ್ನೆ ಗೊರಕೆ ಹೊಡೆಯುತ್ತೆ."

"ಆ ಗೊರಕೆ ಕೇಳ್ತಾ ಯಾವ ಮನೆಯವರು ಹೆಚ್ಚು ದಿನ ಮಲಗಿದ್ದಾರೆ?"

ನರ್ಸ್ ಪಕ್ಕದ ಗಾಲಿಕುರ್ಚಿಯಲ್ಲೇ ಕುಳಿತರು. "ಡ್ರೈವರಣ್ಣ," ಎಂದರು ಮೆಲ್ಲಗೆ.

ಬಸ್ ಚಾಲಕ. ಹೆಂಡತಿಗೆ ಮೂರು ವರ್ಷ ಆ ಯಂತ್ರವೇ ಉಸಿರು. ಬೇರೆ ಯಾವ ಮನೆಯಲ್ಲೂ ಅದು ಕೆಲವು ತಿಂಗಳಿಗಿಂತ ಹೆಚ್ಚು ಇದ್ದದ್ದಿಲ್ಲ. ಆಕೆ ಹೋದ ಮೇಲೆ ಯಂತ್ರ ತಂದಿಟ್ಟವನು, ಆಮೇಲೆ ರಜೆಯ ದಿನಗಳಲ್ಲಿ ಬಂದು ಬೇರೆಯವರ ಮನೆಗೆ ಮಂಚ ಹೊತ್ತು ಕೊಡುತ್ತಿದ್ದ. ಈಚೆಗೆ ಬಂದಿರಲಿಲ್ಲ.

ಮಧ್ಯಾಹ್ನ ಎರಡೂಕಾಲಿಗೆ ಪೊಲೀಸರು ಅವನ ಮನೆಯ ಮೆಟ್ಟಿಲು ಹತ್ತಿದರು. ಮೊದಲ ತಿರುವಿನಲ್ಲೇ ಒಂದು ಮೊರೆತ ಕೇಳಿಸಿತು. ನಾಲ್ಕೈದು ಸೆಕೆಂಡಿಗೊಮ್ಮೆ ಅದರೊಳಗಿಂದ ‘ಫುಸ್’ ಎಂದು ಉಸಿರು ಬಿಟ್ಟ ಸದ್ದು. ದಫೇದಾರರು ಬಹಳ ಹೊತ್ತು ಬಾಗಿಲು ತಟ್ಟಬೇಕಾಯಿತು. ತೆರೆದವನ ಕೆನ್ನೆಯ ಮೇಲೆ ದಿಂಬಿನ ಗೆರೆಗಳಿದ್ದವು.

ಪೊಲೀಸರನ್ನು ನೋಡಿ ಅವನು ಕೇಳಿದ ಮೊದಲ ಮಾತು, "ಗಂಟೆ ಎಷ್ಟು ಸಾರ್?"

"ಎರಡೂಕಾಲು."

"ಮಧ್ಯಾಹ್ನಾನಾ?" ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಬೆಳಗಾಗೋದ್ರೊಳಗೆ ವಾಪಸ್ ಇಡೋಣ ಅಂತಿದ್ದೆ. ಎಚ್ಚರಾನೇ ಆಗ್ಲಿಲ್ಲ."

ಯಂತ್ರ ಹಿಂದಿರುಗಿಸಿ ಎರಡು ತಿಂಗಳಾಗಿತ್ತು; ಅಂದಿನಿಂದ ಅವನಿಗೆ ಸರಿಯಾದ ನಿದ್ದೆಯಿರಲಿಲ್ಲ. ಕಣ್ಣು ಮುಚ್ಚಿದರೆ ಮನೆ ನಿಶ್ಶಬ್ದವಾಗುತ್ತಿತ್ತು. ಯಂತ್ರ ನಿಂತಿದೆಯೆಂದು ಮೈ ತಾನೇ ಎದ್ದು ಕೂರುತ್ತಿತ್ತು. ಮೂರು ವರ್ಷ ಕಲಿತ ಪಾಠವನ್ನು ಮೈ ಮರೆಯಲಿಲ್ಲ. ಡಿಪೋದಲ್ಲಿ ತೂಕಡಿಸಿ ಬಸ್ಸನ್ನು ಗೋಡೆಗೆ ಉಜ್ಜಿದ. ಬಸ್ಸು ಓಡಿಸುವ ಕೆಲಸವೇ ಕೈತಪ್ಪಿತು.

"ಕೇಳಿದ್ರೆ ಅವರು ಕೊಡ್ತಿದ್ರಲ್ಲಯ್ಯಾ?" ಎಂದರು ದಫೇದಾರರು.

"ಏನಂತ ಕೇಳ್ಲಿ ಸಾರ್? ಅದಿರೋದು ಉಸಿರಾಡೋಕೆ ಆಗದೋರಿಗೆ. ನನ್ನ ಉಸಿರು ಚೆನ್ನಾಗೇ ಇದೆ."

"ಅದಕ್ಕೋಸ್ಕರ ಒಬ್ಬರು ಆಸ್ಪತ್ರೆಯಲ್ಲಿ ಕಾಯ್ತಿದ್ದಾರೆ," ಎಂದರು ಇನ್‌ಸ್ಪೆಕ್ಟರ್.

ಅವನು ಓಡಿಹೋಗಿ ಸ್ವಿಚ್ ಆರಿಸಿದ. ಮನೆ ಒಮ್ಮೆಲೇ ನಿಶ್ಶಬ್ದವಾಯಿತು. "ಉಂಡ ಮನೆಯ ಗಳ ಎಣಿಸಿದೆ ಸಾರ್," ಎಂದು ನೆಲದ ಮೇಲೆ ಕುಳಿತುಬಿಟ್ಟ.

ಜಪ್ತಿ ಪಂಚನಾಮೆ ಮೂರೂವರೆಗೆ ಮುಗಿಯಿತು. ನಾಲ್ಕಕ್ಕೆ ಬಂಧನ. ನಿಯಮದಂತೆ ಬಂಧನದ ಸುದ್ದಿಯನ್ನು ಹತ್ತಿರದವರೊಬ್ಬರಿಗೆ ತಿಳಿಸಬೇಕು.

"ಯಾರಿಗೆ ಹೇಳ್ಬೇಕು?" ದಫೇದಾರರು ಕೇಳಿದರು.

"ನರ್ಸಕ್ಕನಿಗೆ."

"ಲೋ, ದೂರು ಕೊಟ್ಟಿರೋದೇ ಅವರು!"

"ನನಗೆ ಇನ್ಯಾರಿದ್ದಾರೆ ಸಾರ್?"

ನರ್ಸ್ ಬಂದರು, ಗಂಡನೂ ಬಂದರು. ದೂರು ಹಿಂದಕ್ಕೆ ಪಡೆಯುತ್ತೇನೆ ಎಂದರು. ಅದು ತಮ್ಮ ಕೈಯಲ್ಲಿಲ್ಲ, ರಾಜಿಯ ಮಾತನ್ನು ನ್ಯಾಯಾಲಯದಲ್ಲಿ ಹೇಳಬಹುದು ಎಂದು ಇನ್‌ಸ್ಪೆಕ್ಟರ್ ವಿವರಿಸಿದರು. ಯಂತ್ರವೂ ಈಗ ಪ್ರಕರಣದ ಮಾಲು; ಅದನ್ನು ಬಿಡಿಸಿಕೊಳ್ಳುವ ಅರ್ಜಿಯನ್ನು ಹೇಗೆ ಬರೆಯಬೇಕೆಂದು ಅವರೇ ಸಾಲುಸಾಲಾಗಿ ಹೇಳಿಕೊಟ್ಟರು. ನರ್ಸ್ ಕೈಮುಗಿದರು.

"ನನಗ್ಯಾಕಮ್ಮ ಕೈಮುಗೀತೀರಿ?"

"ಬೀಗದ ಸುದ್ದಿ ಎತ್ತಲಿಲ್ಲವಲ್ಲ, ಅದಕ್ಕೆ."

ಬುಧವಾರ ಬೆಳಿಗ್ಗೆ ಚಾಲಕನಿಗೆ ಜಾಮೀನು ಸಿಕ್ಕಿತು. ಹೊಣೆ ನಿಂತವರು ನರ್ಸ್ ಅವರ ಗಂಡ. ಯಂತ್ರವನ್ನು ಸಂಸ್ಥೆಯ ವಶಕ್ಕೆ ಕೊಡುವಂತೆ ಆದೇಶವಾಯಿತು. ಕೇಸ್ ಡೈರಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಇನ್‌ಸ್ಪೆಕ್ಟರ್ ‘ದುರಾಸೆ ಕಂಡುಬಂದಿಲ್ಲ. ಆರೋಪಿಗೆ ನಿದ್ದೆ ಬೇಕಿತ್ತು’ ಎಂದು ಬರೆದರು.

ಯಂತ್ರ ಸಿಕ್ಕಿತೆಂದು ತಿಳಿದು ವೈದ್ಯರು ಬಡಗಿಯನ್ನು ಮನೆಗೆ ಕಳಿಸಿದರು; ಸಂಜೆ ಅವರ ಬೆನ್ನಿಗೇ ಯಂತ್ರವೂ ಮನೆ ತಲುಪಿತು. ಎರಡನೇ ಮಹಡಿಗೆ ಅದನ್ನು ಹೊತ್ತು ತಂದವನು ಚಾಲಕನೇ. ಅವನು ಬಾಟಲಿಗೆ ನೀರು ತುಂಬಿದ, ನಳಿಕೆ ಜೋಡಿಸಿದ, ಹೊಸ ಪ್ಲಗ್ಗಿಗೆ ತಂತಿ ಸಿಕ್ಕಿಸಿದ. ಮೊರೆತ ಶುರುವಾಯಿತು. ದಿಂಬಿಗೆ ಒರಗಿದ್ದ ಬಡಗಿಯ ಎದೆಯ ಏರಿಳಿತ ನಿಧಾನವಾಗಿ ಹತೋಟಿಗೆ ಬಂತು. ಮಗಳು ಕಣ್ಣೊರೆಸಿಕೊಂಡು, ಯಾರೆಂದು ತಿಳಿಯದೆಯೇ ಚಾಲಕನಿಗೆ, "ನಿಮ್ಮ ಉಪಕಾರ ಮರೆಯಲ್ಲ ಅಣ್ಣ," ಎಂದಳು.

ಅವನು ತಲೆ ಎತ್ತದೆ ತಂತಿಯನ್ನು ಗೋಡೆಯ ಅಂಚಿಗೆ ಸರಿಸುತ್ತಿದ್ದ.

"ಮೊದಲು ಎರಡು ರಾತ್ರಿ ಈ ಸದ್ದಿಗೆ ನಿದ್ದೆ ಬರಲ್ಲಮ್ಮ," ಎಂದ. "ಆಮೇಲೆ ಅಭ್ಯಾಸ ಆಗುತ್ತೆ."