ಹರಸುವ ಮೊದಲಿನ ದ್ರಾಕ್ಷಿ

ನನ್ನ ಯಜಮಾನರು ಹ್ರಾಯರ್ ತೀರಿಕೊಂಡು ಮೊನ್ನೆಗೆ ನಲವತ್ತು ದಿನವಾಯಿತು. ಪ್ರಾರ್ಥನೆಗೆ ಬಂದವರೆಲ್ಲ ಅವರ ಒಳ್ಳೆಯತನವನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಆ ಒಳ್ಳೆಯತನಕ್ಕೆ ನಾನು ಏನು ಮಾಡಿದೆನೆಂದು ದೇವರಿಗೆ ಗೊತ್ತು; ಈಗ ನಿಮಗೂ ಹೇಳುತ್ತೇನೆ.

ಆಗಸ್ಟಿನಲ್ಲಿ ಮಾತೆ ಮರಿಯಮ್ಮನವರ ಹಬ್ಬದ ಭಾನುವಾರ ಪಾದ್ರಿಗಳು ಹರಸುವ ತನಕ ನಮ್ಮಲ್ಲಿ ಯಾರೂ ಹೊಸ ದ್ರಾಕ್ಷಿಯನ್ನು ಬಾಯಿಗಿಡುವುದಿಲ್ಲ. ನನ್ನ ಮದುವೆಗೆ ಮುಂಚಿನ ಆ ವರ್ಷ ಚರ್ಚಿಗೆ ದ್ರಾಕ್ಷಿಯ ಬುಟ್ಟಿ ಹೊರುವ ಗೌರವ ನನ್ನದಾಗಿತ್ತು. ನನ್ನನ್ನು ಸಾಕಿದ ಸೋದರತ್ತೆ ಜರುಹಿ, ಹಬ್ಬ ಕಳೆದ ಮೇಲೆ ಹ್ರಾಯರ್ ಮನೆಯವರಿಗೆ ನನ್ನ ಮದುವೆಯ ಮಾತು ಕೊಡುವವರಿದ್ದರು.

ಹಬ್ಬದ ಹಿಂದಿನ ಗುರುವಾರ ಗೊನೆ ಆರಿಸಲು ಹ್ರಾಯರ್ ಮನೆಯವರ ತೋಟಕ್ಕೆ ಹೋದೆ. ಬಳ್ಳಿಯ ಆಚೆ ಬದಿ ಅವರು, ಈಚೆ ಬದಿ ನಾನು. ಎಲೆಗಳ ಸಂದಿಯಲ್ಲಿ ಅವರ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಏನ್ ನೋಡ್ತಿದೀಯ?" ಎಂದೆ.

"ಗೊನೆ."

"ಗೊನೆ ಕೆಳಗಿದೆ."

"ಕೆಳಗಿರೋದು ಇನ್ನೂ ಹುಳಿ, ವರ್ಸೆನಿಕ್ ಜಾನ್."

ಜೀವವೇ ಎನ್ನುವಂತೆ 'ಜಾನ್' ಎಂದು ಕರೆದದ್ದಕ್ಕೆ ನನ್ನ ಕೆನ್ನೆ ಬಿಸಿಯಾಯಿತು. ಅದನ್ನು ಮುಚ್ಚಿಕೊಳ್ಳಲು ಕೈಯಲ್ಲಿದ್ದ ಗೊನೆಯಿಂದ ನಾಲ್ಕು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ಧೈರ್ಯ ತೋರಿಸುವ ಹುಚ್ಚು. "ಅಯ್ಯೋ, ಭಾನುವಾರದ ತನಕ ತಡೆಯೋಕಾಗಲ್ವಾ?" ಎನ್ನುತ್ತ ಅವರು ಗೊನೆಯನ್ನು ಕಸಿದುಕೊಂಡರು. ಅಷ್ಟರಲ್ಲೇ ಅತ್ತೆ ಬಂದರು. ಹಣ್ಣು ಕಿತ್ತ ಗೊನೆ ಹ್ರಾಯರ್ ಕೈಯಲ್ಲಿತ್ತು.

"ಯಾರು ತಿಂದಿದ್ದು?"

ನನ್ನ ಬಾಯಿ ಇನ್ನೂ ತುಂಬಿತ್ತು.

"ನಾನೇ," ಎಂದರು ಹ್ರಾಯರ್.

"ಮೂರು ದಿನ ನಾಲಿಗೆ ಕಟ್ಟೋಕಾಗದವನಿಗೆ ಹೆಣ್ಣು ಬೇರೆ ಕೇಡು! ಹಬ್ಬದ ದಿನ ಚರ್ಚಿನ ಅಂಗಳಕ್ಕೆ ಕಾಲಿಡ್ಬೇಡ. ನಮ್ಮ ಮನೆ ಮೆಟ್ಟಿಲೂ ಹತ್ಬೇಡ."

ನಾನು ಸದ್ದಿಲ್ಲದೆ ನುಂಗಿದೆ. ಬುಟ್ಟಿ ನನ್ನ ತಲೆಯಿಂದ ಇಳಿದೀತೆಂಬ ಭಯ.

ಭಾನುವಾರ ಹ್ರಾಯರ್ ಚರ್ಚಿನ ಗೇಟಿನಾಚೆ ಟೋಪಿ ಹಿಡಿದು ನಿಂತಿದ್ದರು. ಪಾದ್ರಿಗಳು ಅಂಗಳದಲ್ಲಿ ದ್ರಾಕ್ಷಿಯನ್ನು ಹರಸಿದರು. ನಾನು ಹಂಚುತ್ತ ಗೇಟಿಗೆ ಬಂದೆ. ಅವರು ಕೈ ಚಾಚಿದರು. ಅತ್ತೆ ನೋಡುತ್ತಿದ್ದರು. ನಾನು ಆ ಕೈಯನ್ನು ದಾಟಿ ಪಕ್ಕದ ಮುದುಕನ ಕೈಗೆ ಗೊನೆ ಇಟ್ಟೆ. ಚಾಚಿದ ಕೈ ಮೆಲ್ಲಗೆ ಜೇಬು ಸೇರಿತು.

ಐದು ಹೆಜ್ಜೆ ನಡೆದೆ. ಆರನೆಯದು ಆಗಲಿಲ್ಲ. ಬುಟ್ಟಿಯನ್ನು ಅಲ್ಲೇ ಇಳಿಸಿ, "ಅತ್ತೆ, ತಿಂದೋಳು ನಾನು," ಎಂದು ಕೂಗಿದೆ. ನಾನು ಹಿಂದಿರುಗಿ ಹ್ರಾಯರ್ ಬಳಿಗೆ ಹೋದೆ.

"ಇಷ್ಟು ಜನರ ಮುಂದೆ ಯಾಕೆ ಹೇಳ್ದೆ?"

"ನಾಚಿಕೆಯಾಯ್ತು."

"ನಾಚಿಕೆಗೋಸ್ಕರ ನನ್ನ ಮದುವೆಯಾಗ್ಬೇಡ, ವರ್ಸೆನಿಕ್."

"ಪಾಪ ಕಳ್ಕೊಳ್ಳೋಕಾದ್ರೆ ಪಾದ್ರಿಗಳ ಹತ್ರ ಹೋಗ್ತಿದ್ದೆ. ನಿನ್ನ ಹತ್ರ ಬಂದಿದೀನಿ."

ಅವರ ಕಿವಿ ಕೆಂಪಾಯಿತು. ಅತ್ತೆ ದಡದಡನೆ ಬಂದರು. "ಹ್ರಾಯರ್, ನೀನು ಒಳಗೆ ಬಾ. ಇವಳು ಆಚೆನೇ ಇರ್ಲಿ."

"ಇವಳು ಇಲ್ಲಿದ್ರೆ ನಾನೂ ಇಲ್ಲೇ, ಅತ್ತೆ."

ಅಳಿಯನಂತೆ ಅವರು ಹಾಗೆ ಕರೆದದ್ದು ಅದೇ ಮೊದಲು. ಅತ್ತೆ ಒಂದು ಗಳಿಗೆ ಅವರನ್ನೇ ದಿಟ್ಟಿಸಿ, ಬೇಡವೆನ್ನದೆ, ಬುಟ್ಟಿಯನ್ನು ತಾವೇ ಎತ್ತಿಕೊಂಡು ಹೋದರು.

ದ್ರಾಕ್ಷಿ ಹಂಚಿ ಮುಗಿಯುವ ತನಕ ಇಬ್ಬರೂ ಬಿಸಿಲಿನಲ್ಲಿ ಗೋಡೆಗೊರಗಿ ನಿಂತೆವು. ನಾನು ತಲೆ ಎತ್ತಲಿಲ್ಲ.

ಆ ದಿನದ ಮಾತನ್ನು ಅವರು ಬದುಕಿದ್ದಷ್ಟು ದಿನ ಒಮ್ಮೆಯೂ ಆಡಲಿಲ್ಲ. ಎತ್ತಿ ಆಡಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.